ಚಳಿಗೆ ಸಾಯುವವರು ನೂರಾರೋ, ಲಕ್ಷಾಂತರವೋ? ಹೃದ್ರೋಗ ಮತ್ತು ಚಳಿಗಾಲದ ಲೆಕ್ಕ

ಜನವರಿ 2023ರ ಮೊದಲ ವಾರ ಕಾನ್ಪುರದಿಂದ ಬಂದ ಸುದ್ದಿ ಹಲವರಿಗೆ ನೆನಪಿರಬಹುದು. ಉತ್ತರ ಪ್ರದೇಶ ಶೀತಗಾಳಿಗೆ ನಡುಗುತ್ತಿದ್ದಾಗ ಅಲ್ಲಿ ಒಂದೇ ದಿನ 25 ಮಂದಿ ಹೃದಯಾಘಾತ, ಮಿದುಳಿನ ಆಘಾತದಿಂದ ಸತ್ತರು, ಅವರಲ್ಲಿ 17 ಮಂದಿಗೆ ಚಿಕಿತ್ಸೆ ಸಿಗುವ ಮೊದಲೇ ಜೀವ ಹೋಗಿತ್ತು ಎಂದು ಪತ್ರಿಕೆಗಳು ಬರೆದವು. ಅಲ್ಲಿಂದೀಚೆಗೆ ಡಿಸೆಂಬರ್ ಬಂತೆಂದರೆ 'ಚಳಿಗಾಲ, ಹೃದಯ ಜೋಪಾನ' ಎಂಬ ತಲೆಬರಹ ತಪ್ಪದೆ ಕಾಣಿಸಿಕೊಳ್ಳುತ್ತದೆ.

ಓದುಗರಿಗೆ ತಲೆ ಕೆಡುವುದು ಅದರ ಜೊತೆಗೆ ಬರುವ ಅಂಕಿಗಳಿಂದ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಪಟ್ಟಿ ನೋಡಿದರೆ ದೇಶದಲ್ಲಿ ಚಳಿಗೆ ಸಿಕ್ಕಿ ಸತ್ತವರು ವರ್ಷಕ್ಕೆ ಕೆಲವು ನೂರು, ಹೆಚ್ಚೆಂದರೆ ಸಾವಿರದ ಆಸುಪಾಸು. 2021ರಲ್ಲಿ 'ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಮಾತ್ರ ಭಾರತದಲ್ಲಿ ಚಳಿಯ ಪಾಲಿಗೆ ಬರುವ ಸಾವು ವರ್ಷಕ್ಕೆ ಸುಮಾರು 6.55 ಲಕ್ಷ ಎನ್ನುತ್ತದೆ. ಅದೇ ಲೆಕ್ಕದಲ್ಲಿ ಬಿಸಿಲಿನ ಪಾಲು ಸುಮಾರು 84 ಸಾವಿರ. ಬಿಸಿಲಿಗೆ ಬೇಯುವ ದೇಶದಲ್ಲಿ ಚಳಿ ಅದರ ಏಳೆಂಟು ಪಟ್ಟು ಜನರನ್ನು ಕೊಲ್ಲುತ್ತದೆ ಎಂದರೆ ನಂಬುವುದು ಹೇಗೆ? ನೂರು ಮತ್ತು ಲಕ್ಷ, ಇವೆರಡರಲ್ಲಿ ಯಾವುದು ಸುಳ್ಳು?

ಎರಡೂ ಸುಳ್ಳಲ್ಲ. ಅವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ, ಅಷ್ಟೇ.

ಪೊಲೀಸರ ಲೆಕ್ಕ, ಅಂಕಿಅಂಶ ತಜ್ಞರ ಲೆಕ್ಕ

ಬ್ಯೂರೊದ ಪಟ್ಟಿಗೆ ಸೇರುವುದು ಪೊಲೀಸ್ ಠಾಣೆಯಲ್ಲಿ ದಾಖಲಾದ ಸಾವು. ರಸ್ತೆ ಬದಿಯಲ್ಲಿ, ಬಸ್ ನಿಲ್ದಾಣದಲ್ಲಿ ಮಲಗಿದ್ದವರು ಬೆಳಗ್ಗೆ ಹೆಣವಾಗಿ ಸಿಕ್ಕರೆ, ಮೈ ತಾಪ ಇಳಿದು ಸತ್ತಿದ್ದಾರೆ ಎಂದು ಗೊತ್ತಾದರೆ ಅದು 'ಚಳಿಗೆ ಸಾವು'. ಆದರೆ ಬಿ.ಪಿ. ಇದ್ದ 68 ವರ್ಷದ ಒಬ್ಬರು ಜನವರಿಯ ಬೆಳಗಿನ ಜಾವ ಮನೆಯಲ್ಲೇ ಎದೆ ಹಿಡಿದುಕೊಂಡು ಕುಸಿದರೆ ಮರಣ ಪ್ರಮಾಣಪತ್ರದಲ್ಲಿ ಬರುವುದು 'ಹೃದಯಾಘಾತ'. ಅಲ್ಲಿ ಚಳಿಯ ಹೆಸರಿಗೆ ಜಾಗವೇ ಇಲ್ಲ. ಇರಬೇಕಾಗಿಯೂ ಇಲ್ಲ, ಏಕೆಂದರೆ ಆ ಒಬ್ಬರ ಸಾವಿಗೆ ಚಳಿ ಎಷ್ಟು ಕಾರಣ ಎಂದು ಯಾವ ವೈದ್ಯರೂ ಹೇಳಲಾರರು.

ಸಂಶೋಧಕರು ಬೇರೆ ದಾರಿ ಹಿಡಿಯುತ್ತಾರೆ. ಒಂದು ಊರಿನಲ್ಲಿ ಹತ್ತಾರು ವರ್ಷಗಳ ಕಾಲ ದಿನಕ್ಕೆ ಎಷ್ಟು ಜನ ಸತ್ತರು, ಆ ದಿನದ ಸರಾಸರಿ ತಾಪ ಎಷ್ಟಿತ್ತು ಎಂಬುದನ್ನು ಪಕ್ಕಪಕ್ಕ ಇಡುತ್ತಾರೆ. ವಾರದ ದಿನ, ಋತು, ವರ್ಷದಿಂದ ವರ್ಷಕ್ಕೆ ಜನಸಂಖ್ಯೆಯಲ್ಲಾಗುವ ಬದಲಾವಣೆ ಇವುಗಳ ಪ್ರಭಾವವನ್ನು ಲೆಕ್ಕದಿಂದ ತೆಗೆಯುತ್ತಾರೆ. ಉಳಿದದ್ದನ್ನು ಗೆರೆ ಎಳೆದರೆ ಒಂದು ತಾಪಮಾನದಲ್ಲಿ ಸಾವು ಅತಿ ಕಡಿಮೆ ಇರುವುದು ಕಾಣುತ್ತದೆ. ಅದರ ಎಡಕ್ಕೆ ಚಳಿ, ಬಲಕ್ಕೆ ಬಿಸಿ. ಆ ತಗ್ಗಿಗಿಂತ ಹೆಚ್ಚಾಗಿ ಸಂಭವಿಸಿದ ಸಾವುಗಳೆಲ್ಲ ತಾಪದ ಖಾತೆಗೆ ಹೋಗುತ್ತವೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಬಿಸಿಲಿನ ಏಟು ಅಂದೇ ಅಥವಾ ಮರುದಿನ ಬೀಳುತ್ತದೆ. ಚಳಿಯದು ನಿಧಾನ. ಇಂದಿನ ಚಳಿಯ ಪರಿಣಾಮ ಮುಂದಿನ ಎರಡು ಮೂರು ವಾರಗಳವರೆಗೂ ಸಾವಿನ ಲೆಕ್ಕದಲ್ಲಿ ಕಾಣಿಸಿಕೊಳ್ಳಬಹುದು. ಆದ್ದರಿಂದಲೇ ಇಂಥ ಅಧ್ಯಯನಗಳು ಸಾಮಾನ್ಯವಾಗಿ 21 ದಿನಗಳವರೆಗೆ ಹಿಂದಕ್ಕೆ ನೋಡುತ್ತವೆ. ಬಿಸಿಗಾಳಿಯ ಸಾವು ಮರುದಿನದ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಚಳಿಯದು ಮೂರು ವಾರಕ್ಕೆ ಹರಡಿಕೊಳ್ಳುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

'ಸಾಧಾರಣ ಚಳಿ' ಎಂದರೆ ಎಷ್ಟು?

2015ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ಅಧ್ಯಯನ 13 ದೇಶಗಳ 384 ಊರುಗಳಲ್ಲಿ ಸಂಭವಿಸಿದ 7.4 ಕೋಟಿಗೂ ಹೆಚ್ಚು ಸಾವುಗಳನ್ನು ನೋಡಿತು. ಒಟ್ಟು ಸಾವಿನಲ್ಲಿ ಶೇ 7.29 ಚಳಿಯ ಪಾಲು, ಶೇ 0.42 ಬಿಸಿಯ ಪಾಲು ಎಂದು ಬಂತು. ಹೆಚ್ಚು ಮುಖ್ಯವಾದ ಅಂಕಿ ಇನ್ನೊಂದಿದೆ. ಅತಿ ಚಳಿ, ಅತಿ ಬಿಸಿ ಎರಡೂ ಸೇರಿದರೂ ಅವುಗಳ ಪಾಲು ಶೇ 0.86 ಮಾತ್ರ. ಮಿಕ್ಕ ಹೊರೆಯ ಬಹುಪಾಲು ಹೊತ್ತದ್ದು ಯಾರೂ ಸುದ್ದಿ ಮಾಡದ, ಸ್ವೆಟರ್ ಹಾಕಿಕೊಂಡರೆ ಸಾಕು ಎನ್ನುವಂಥ ದಿನಗಳು. ಅಂಥ ದಿನ ಒಂದೊಂದರ ಅಪಾಯ ಚಿಕ್ಕದು, ಆದರೆ ಅವು ವರ್ಷದಲ್ಲಿ ನೂರಾರಿವೆ. ಮೈ ಕೊರೆಯುವ ದಿನದ ಅಪಾಯ ದೊಡ್ಡದು, ಆದರೆ ಅವು ಬೆರಳೆಣಿಕೆಯಷ್ಟು.

ಭಾರತದ ಮಟ್ಟಿಗೆ ಇದನ್ನು ಹೇಳಿದ್ದು ದೇಶದ ಉದ್ದಗಲಕ್ಕೂ ಮನೆಗಳಲ್ಲಿ ವಿಚಾರಿಸಿ ಸಾವಿನ ಕಾರಣ ದಾಖಲಿಸಿದ 'ಮಿಲಿಯನ್ ಡೆತ್ ಸ್ಟಡಿ' ಆಧರಿಸಿ 2018ರಲ್ಲಿ 'ಪ್ಲಾಸ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ. 2001ರಿಂದ 2013ರವರೆಗಿನ ಸಾವುಗಳನ್ನು ನೋಡಿದ ಅದು, ಸಾಧಾರಣ ಚಳಿಯ ಪಾಲು ಕಾಯಿಲೆಯ ಸಾವುಗಳಲ್ಲಿ ಶೇ 6.3, ಹೃದಯದ ರಕ್ತನಾಳ ಕಟ್ಟಿಕೊಳ್ಳುವ ರೋಗದ ಸಾವುಗಳಲ್ಲಿ ಶೇ 9.7, ಪಾರ್ಶ್ವವಾಯುವಿನ ಸಾವುಗಳಲ್ಲಿ ಶೇ 27.2 ಎಂದಿತು. ಪಾರ್ಶ್ವವಾಯುವಿನ ಅಂಕಿ ಬೆಚ್ಚಿಬೀಳಿಸುವಂತಿದೆ. ಆದರೆ ಈ ಅಂಕಿಗಳನ್ನು ಕಣ್ಣು ಮುಚ್ಚಿ ನುಂಗಬಾರದು. ಶೇ 6.3 ಎಂಬುದು ನಡುವಿನ ಅಂದಾಜು, ಅಧ್ಯಯನವೇ ಕೊಟ್ಟಿರುವ ವ್ಯಾಪ್ತಿ 1.1ರಿಂದ 11.1. ಜೊತೆಗೆ ಅದು 'ಸಾಧಾರಣ ಚಳಿ' ಎಂದು ಕರೆದದ್ದು 13.8ರಿಂದ 30 ಡಿಗ್ರಿ ಸೆಲ್ಸಿಯಸ್‌ವರೆಗಿನ ದಿನಗಳನ್ನು. ಸಾವು ಅತಿ ಕಡಿಮೆ ಇದ್ದದ್ದು 30ರಲ್ಲಿ, ಹಾಗಾಗಿ ಅದರ ಕೆಳಗಿನದೆಲ್ಲ ಲೆಕ್ಕಕ್ಕೆ 'ಚಳಿ'. ಈ ಅಳತೆಯಲ್ಲಿ ಬೆಂಗಳೂರಿಗೆ ವರ್ಷವಿಡೀ ಚಳಿಗಾಲವೇ! 26 ಡಿಗ್ರಿಯ ದಿನವನ್ನು ಚಳಿ ಎನ್ನುವುದು ಮಾತಿಗೆ ವಿಚಿತ್ರ, ಗಣಿತಕ್ಕೆ ಸರಿ. ಲಕ್ಷಗಳ ಲೆಕ್ಕ ಓದುವಾಗ ಇದನ್ನು ಮರೆಯಬಾರದು.

ಹೃದಯ ಮತ್ತು ರಕ್ತನಾಳಗಳ ಕಾಯಿಲೆಯನ್ನೇ ಗುರಿಯಾಗಿಟ್ಟುಕೊಂಡ ಇನ್ನೊಂದು ದೊಡ್ಡ ಅಧ್ಯಯನ 'ಸರ್ಕ್ಯುಲೇಷನ್' ಪತ್ರಿಕೆಯಲ್ಲಿ ಬಂತು. 27 ದೇಶಗಳ 567 ನಗರಗಳು, 1979ರಿಂದ 2019ರವರೆಗಿನ ಸುಮಾರು 3.2 ಕೋಟಿ ಸಾವು. ಅಲ್ಲಿ ಆಯಾ ಊರಿನ ಅತಿ ತಣ್ಣಗಿನ ಶೇ 2.5ರಷ್ಟು ದಿನಗಳು, ಅಂದರೆ ವರ್ಷಕ್ಕೆ ಒಂಬತ್ತು ದಿನ, ಪ್ರತಿ 1,000 ಹೃದ್ರೋಗ ಸಾವಿಗೆ 9.1 ಹೆಚ್ಚುವರಿ ಸಾವಿಗೆ ಕಾರಣವಾಗಿದ್ದವು. ಅಷ್ಟೇ ಸಂಖ್ಯೆಯ ಅತಿ ಬಿಸಿ ದಿನಗಳ ಪಾಲು 2.2. ಹೃದಯ ಸೋತು ನೀರು ತುಂಬಿಕೊಳ್ಳುವ ರೋಗಿಗಳಲ್ಲಿ ಚಳಿಯ ಪೆಟ್ಟು ಇನ್ನೂ ಜೋರು: ಸಾವಿರಕ್ಕೆ 12.8. ಇಲ್ಲಿನ ಅಳತೆ ಆಯಾ ಊರಿನದೇ ಆದ್ದರಿಂದ 30 ಡಿಗ್ರಿಯ ತಕರಾರು ಇದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ನಂಬಿಕೆಗೆ ಹೆಚ್ಚು ಅರ್ಹವಾದದ್ದು ಇದೇ.

ಮೈ ತಣ್ಣಗಾದಾಗ ಒಳಗೆ ನಡೆಯುವುದು

ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುವಂತೆ ರಕ್ತವೂ ಗಟ್ಟಿಯಾಗುತ್ತದೆ ಎಂಬ ವಿವರಣೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುತ್ತದೆ. ಅದು ತಪ್ಪು. ಹೊರಗೆ ಎಷ್ಟೇ ಚಳಿಯಿದ್ದರೂ ಎದೆಗೂಡಿನೊಳಗೆ ಹರಿಯುವ ರಕ್ತ 37 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಆ 37 ಡಿಗ್ರಿಯನ್ನು ಕಾಪಾಡಲು ದೇಹ ಮಾಡುವ ಕಸರತ್ತೇ ಹೃದಯಕ್ಕೆ ಭಾರವಾಗುವುದು.

ಮೊದಲು ಚರ್ಮದ ನರಗಳು ತಂಪನ್ನು ಗ್ರಹಿಸುತ್ತವೆ. ಕೂಡಲೇ ನಾರ್‌ಅಡ್ರಿನಲಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ ಕೈಕಾಲು, ಚರ್ಮದ ಸಣ್ಣ ರಕ್ತನಾಳಗಳು ಕಿರಿದಾಗುತ್ತವೆ. ಶಾಖ ಹೊರಗೆ ಸೋರದಂತೆ ತಡೆಯುವುದು ಇದರ ಉದ್ದೇಶ. ಆದರೆ ನಾಳಗಳು ಕಿರಿದಾದರೆ ಒತ್ತಡ ಏರಲೇಬೇಕು. ಏರಿದ ಒತ್ತಡಕ್ಕೆದುರಾಗಿ ರಕ್ತ ನೂಕಲು ಹೃದಯ ಹೆಚ್ಚು ದುಡಿಯಬೇಕು, ಹೆಚ್ಚು ದುಡಿಯಲು ಅದಕ್ಕೆ ಹೆಚ್ಚು ಆಮ್ಲಜನಕ ಬೇಕು. ಆರೋಗ್ಯವಂತರಲ್ಲಿ ಹೃದಯದ ನಾಳಗಳು ಹಿಗ್ಗಿ ಅದನ್ನು ಒದಗಿಸುತ್ತವೆ. ಕೊಬ್ಬಿನ ಪದರ ಕಟ್ಟಿಕೊಂಡ ನಾಳ ಹಿಗ್ಗುವುದಿಲ್ಲ, ಕೆಲವೊಮ್ಮೆ ಇನ್ನಷ್ಟು ಮುದುಡುತ್ತದೆ. ಬೇಸಿಗೆಯಲ್ಲಿ ಎರಡು ಮಹಡಿ ಹತ್ತಿದರೂ ಬರದ ಎದೆನೋವು ಚಳಿಗಾಲದಲ್ಲಿ ಒಂದೇ ಮಹಡಿಗೆ ಬರುವುದು ಇದಕ್ಕೇ.

ಮುಂದಿನದು ನೀರಿನ ಲೆಕ್ಕ. ಚರ್ಮದಿಂದ ಒಳಕ್ಕೆ ಸರಿದ ರಕ್ತದಿಂದಾಗಿ ದೇಹಕ್ಕೆ 'ದ್ರವ ಜಾಸ್ತಿಯಾಗಿದೆ' ಎಂಬ ತಪ್ಪು ಸುಳಿವು ಸಿಗುತ್ತದೆ, ಮೂತ್ರಪಿಂಡ ನೀರು ಹೊರಹಾಕುತ್ತದೆ. ಚಳಿಯಲ್ಲಿ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಹೀಗೆ. ಬಾಯಾರಿಕೆ ಕಡಿಮೆ, ಕುಡಿಯುವ ನೀರೂ ಕಡಿಮೆ. ರಕ್ತದ ನೀರಿನಂಶ ಇಳಿದು ಕೆಂಪು ಕಣ, ಪ್ಲೇಟ್‌ಲೆಟ್, ಹೆಪ್ಪುಗಟ್ಟಿಸುವ ಪ್ರೋಟೀನು ಸಾಂದ್ರವಾಗುತ್ತವೆ.

ಇದಕ್ಕೆ ಎಷ್ಟು ಚಳಿ ಬೇಕು? ಬ್ರಿಟನ್ನಿನ ಶರೀರಕ್ರಿಯಾ ವಿಜ್ಞಾನಿ ವಿಲಿಯಂ ಕೀಟಿಂಜ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರಯೋಗ ಈಗಲೂ ಓದುವಂಥದ್ದು. ಜನರನ್ನು ಆರು ಗಂಟೆ 24 ಡಿಗ್ರಿಯ ಬೀಸುಗಾಳಿಯಲ್ಲಿ ಇರಿಸಿದರು. ಹೌದು, 24. ದೇಹದೊಳಗಿನ ತಾಪ ಇಳಿದದ್ದು 0.4 ಡಿಗ್ರಿ ಮಾತ್ರ. ಆದರೆ ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣ ಶೇ 7 ಏರಿತು, ರಕ್ತದ ಮಂದತೆ ಶೇ 21 ಹೆಚ್ಚಿತು, ಸರಾಸರಿ ಬಿ.ಪಿ. 126/69ರಿಂದ 138/87ಕ್ಕೆ ಹೋಯಿತು. ಇನ್ನೊಂದು ವಿಷಯವೂ ಕಂಡಿತು: ರಕ್ತದ ಬದಲಾವಣೆಯಲ್ಲಿ ಹೆಚ್ಚಿನದು ಮೊದಲ ಒಂದು ಗಂಟೆಯಲ್ಲಿ ಆಗಿರಲಿಲ್ಲ. ಅಂದರೆ ಗಕ್ಕನೆ ಬಡಿಯುವ ಚಳಿ ಬಿ.ಪಿ. ಏರಿಸಿ ತೊಂದರೆ ಕೊಟ್ಟರೆ, ಗಂಟೆಗಟ್ಟಲೆ ಮೈ ತಣ್ಣಗಿದ್ದಾಗ ಹೆಪ್ಪುಗಟ್ಟುವ ಅಪಾಯ ಬೆಳೆಯುತ್ತದೆ.

ಏರಿದ ಒತ್ತಡಕ್ಕೆ ನಾಳದ ಒಳಗೋಡೆಯ ಕೊಬ್ಬಿನ ಪದರ ಬಿರುಕು ಬಿಟ್ಟು, ಸಾಂದ್ರಗೊಂಡ ರಕ್ತ ಆ ಬಿರುಕಿನ ಮೇಲೆ ಹೆಪ್ಪುಗಟ್ಟಿದರೆ ಹೃದಯಾಘಾತ. ಮಿದುಳಿನಲ್ಲಿ ಹೀಗಾದರೆ, ಅಥವಾ ಒತ್ತಡಕ್ಕೆ ನಾಳವೇ ಒಡೆದರೆ ಪಾರ್ಶ್ವವಾಯು.

ಬೆಚ್ಚಗಿನ ಊರಿನವರಿಗೇ ಏಟು ಹೆಚ್ಚು

ಚಳಿ ಹೆಚ್ಚಿದ್ದಲ್ಲಿ ಸಾವು ಹೆಚ್ಚು ಎಂದುಕೊಳ್ಳುವುದು ಸಹಜ. ಯುರೋಪಿನ ಅಂಕಿಗಳು ಅದನ್ನು ಬುಡಮೇಲು ಮಾಡಿವೆ. 1997ರ 'ಯೂರೋವಿಂಟರ್' ಅಧ್ಯಯನದ ಪ್ರಕಾರ ತಾಪ 18 ಡಿಗ್ರಿಯಿಂದ ಕೆಳಗಿಳಿದಂತೆ, ಪ್ರತಿ ಒಂದು ಡಿಗ್ರಿಗೆ ಅಥೆನ್ಸಿನಲ್ಲಿ ಸಾವು ಶೇ 2.15 ಏರಿದರೆ ದಕ್ಷಿಣ ಫಿನ್ಲೆಂಡಿನಲ್ಲಿ ಏರಿದ್ದು ಶೇ 0.27. ಕಾರಣ ಹುಡುಕಿದಾಗ ಸಿಕ್ಕಿದ್ದು ಸರಳ ಸಂಗತಿ. ಹೊರಗೆ 7 ಡಿಗ್ರಿ ಇದ್ದಾಗ ಫಿನ್ಲೆಂಡಿನ ಮನೆಗಳ ಹಜಾರ 21.7 ಡಿಗ್ರಿ ಬೆಚ್ಚಗಿತ್ತು, ಅಥೆನ್ಸಿನದು 19.2. ಹೊರಗೆ ಹೋಗುವಾಗ ಟೋಪಿ ಹಾಕಿಕೊಂಡವರು ಫಿನ್ಲೆಂಡಿನಲ್ಲಿ ಶೇ 72, ಅಥೆನ್ಸಿನಲ್ಲಿ ಶೇ 13. ಹಿತವಾದ ಹವೆಯ ಪೋರ್ಚುಗಲ್‌ನಲ್ಲಿ ಚಳಿಗಾಲದ ಹೆಚ್ಚುವರಿ ಸಾವು ಶೇ 28 ಎಂದು 2003ರ ಇನ್ನೊಂದು ಅಧ್ಯಯನ ಹೇಳಿತು, ಫಿನ್ಲೆಂಡಿನದು ಶೇ 10. ಸೈಬೀರಿಯಾದ ಯಾಕುಟ್ಸ್ಕ್‌ನಲ್ಲಂತೂ ಮೈನಸ್ 48 ಡಿಗ್ರಿವರೆಗೂ ಹೃದ್ರೋಗದ ಸಾವು ಏರಲಿಲ್ಲ. ಅಲ್ಲಿಯ ಜನ ದಪ್ಪ ತುಪ್ಪಳದ ಬಟ್ಟೆ ತೊಡದೆ ಹೊಸ್ತಿಲು ದಾಟುವುದಿಲ್ಲ.

ಈಗ ನಮ್ಮ ಕಡೆಗೆ ಬನ್ನಿ. ಬೀದರ್, ಕಲಬುರಗಿ, ವಿಜಯಪುರಗಳಲ್ಲಿ ಡಿಸೆಂಬರ್–ಜನವರಿಯ ಕನಿಷ್ಠ ತಾಪ ಆಗಾಗ ಒಂದಂಕಿಗೆ ಇಳಿಯುತ್ತದೆ. ಬೆಂಗಳೂರಿನ ಸಾರ್ವಕಾಲಿಕ ಕನಿಷ್ಠ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ ದಾಖಲಾದದ್ದು. ಮನೆ ಕಾಯಿಸುವ ವ್ಯವಸ್ಥೆ ಎಲ್ಲೂ ಇಲ್ಲ, ಬೇಕೆಂದು ಯಾರಿಗೂ ಅನ್ನಿಸಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿದ ಕನಿಷ್ಠ ಒಳತಾಪ 18 ಡಿಗ್ರಿ. ಉತ್ತರ ಕರ್ನಾಟಕದ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ ಹಗಲಿನ ಶಾಖವನ್ನು ಹಿಡಿದಿಟ್ಟುಕೊಂಡು ರಾತ್ರಿಯಿಡೀ ಬಿಡುತ್ತದೆ. ಶೀಟಿನ ಮನೆಯದು ತದ್ವಿರುದ್ಧ. ಮೋಡವಿಲ್ಲದ ರಾತ್ರಿ ತಗಡು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ, ನಸುಕಿಗೆ ಒಳಗಿನ ಉಸಿರಿನ ತೇವ ಶೀಟಿನ ಅಡಿಯಲ್ಲಿ ಹನಿಗಟ್ಟಿ ತೊಟ್ಟಿಕ್ಕುತ್ತದೆ. ಒಳಗೂ ಹೊರಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ಕಡಿಯುವ ಹಂಗಾಮು ಶುರುವಾಗುವುದೇ ಚಳಿಗಾಲದಲ್ಲಿ, ಕಡಿಯುವ ಗ್ಯಾಂಗಿನವರು ಮಲಗುವುದು ಹೊಲದಂಚಿನ ಜೋಪಡಿಯಲ್ಲಿ. ಅವರ ಲೆಕ್ಕ ಇಡುವವರಾರು?

ಚಳಿಯೋ, ಚಳಿಗಾಲವೋ?

ತಜ್ಞರಲ್ಲೇ ಒಮ್ಮತವಿಲ್ಲದ ಜಾಗ ಇದು. ಲಾಸ್ ಏಂಜಲೀಸ್‌ನ ಚಳಿಗಾಲ ನಮ್ಮ ಮೈಸೂರಿನವರಿಗೂ ಹಿತವೆನಿಸುವಂಥದ್ದು. ಆದರೂ 1985ರಿಂದ 1996ರವರೆಗಿನ ದಾಖಲೆಗಳಲ್ಲಿ ಅಲ್ಲಿನ ಹೃದ್ರೋಗದ ಸಾವು ಜೂನ್–ಸೆಪ್ಟೆಂಬರ್‌ಗಿಂತ ಡಿಸೆಂಬರ್–ಜನವರಿಯಲ್ಲಿ ಸುಮಾರು ಮೂರನೇ ಒಂದರಷ್ಟು ಹೆಚ್ಚಿತ್ತು. ಇದನ್ನು ತಾಪವೊಂದರಿಂದಲೇ ವಿವರಿಸುವುದು ಕಷ್ಟ. ಹಾಗಾಗಿ ಒಂದು ಪಂಗಡದ ವಾದ ಹೀಗಿದೆ: ಕೊಲ್ಲುವುದು ಋತು. ಜ್ವರ, ಹಬ್ಬದ ಊಟ, ಕುಡಿತ, ಕುಗ್ಗಿದ ಓಡಾಟ, ಕಡಿಮೆ ಬಿಸಿಲು, ಹೊಗೆ ಎಲ್ಲ ಸೇರಿ ಹೀಗಾಗುತ್ತದೆ. ತಾಪ ಅದರಲ್ಲಿ ಒಂದು ಎಳೆ ಮಾತ್ರ.

ಈ ವಾದಕ್ಕೆ ಗಟ್ಟಿ ಆಧಾರಗಳಿವೆ. ಸ್ವೀಡನ್ನಿನಲ್ಲಿ 2.83 ಲಕ್ಷ ಹೃದಯಾಘಾತಗಳನ್ನು ಪರಿಶೀಲಿಸಿದಾಗ ಕ್ರಿಸ್‌ಮಸ್‌ನ ಹಿಂದಿನ ದಿನ ಅಪಾಯ ಶೇ 37 ಹೆಚ್ಚಿತ್ತು, ರಾತ್ರಿ ಹತ್ತರ ಸುಮಾರಿಗೆ ಅದು ತುದಿ ಮುಟ್ಟಿತ್ತು. ಅದರ ಆಚೀಚಿನ ದಿನಗಳಿಗೂ ಅಂದಿಗೂ ತಾಪದಲ್ಲಿ ಅಷ್ಟು ವ್ಯತ್ಯಾಸ ಇರಲು ಸಾಧ್ಯವಿಲ್ಲ. ಕೆನಡಾದ ಒಂಟಾರಿಯೊದಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಫ್ಲೂ ಜ್ವರ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತಕ್ಕೆ ಆಸ್ಪತ್ರೆ ಸೇರುವ ಸಂಭವ ಆರು ಪಟ್ಟು. ಉತ್ತರ ಭಾರತದಲ್ಲಿ ಇದಕ್ಕೆ ಹೊಗೆಯ ಪದರವೂ ಸೇರುತ್ತದೆ. ಚಳಿಗಾಲದಲ್ಲಿ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು ಸೂಕ್ಷ್ಮ ಕಣಗಳು ಮೇಲೇಳದೆ ನಿಲ್ಲುತ್ತವೆ, ಅವೂ ಹೃದಯಾಘಾತಕ್ಕೆ ಗೊತ್ತಿರುವ ಒಂದು ಕಾರಣ.

ಇನ್ನೊಂದು ಪಂಗಡ ಸ್ವೀಡನ್ನಿನದೇ ಬೇರೊಂದು ಲೆಕ್ಕ ತೋರಿಸುತ್ತದೆ. 1998–2013ರ 2.74 ಲಕ್ಷ ಹೃದಯಾಘಾತಗಳನ್ನು ದಿನದಿನದ ಹವೆಯ ಜೊತೆ ಹೋಲಿಸಿದಾಗ ತಾಪ ಸೊನ್ನೆಗಿಂತ ಕೆಳಗಿದ್ದ ದಿನಗಳಲ್ಲಿ, ಗಾಳಿ ಜೋರಿದ್ದಾಗ, ಬಿಸಿಲು ಕಡಿಮೆಯಿದ್ದಾಗ ಆಘಾತ ಹೆಚ್ಚು. ಜೊತೆಗೆ ಕೀಟಿಂಜ್ ಪ್ರಯೋಗದಲ್ಲಿ ಹಬ್ಬವೂ ಇರಲಿಲ್ಲ, ಫ್ಲೂವೂ ಇರಲಿಲ್ಲ.

ಎರಡೂ ಕಡೆಯ ಮಾತು ಕೇಳಿದರೆ ಒಂದು ನಿಲುವಿಗೆ ಬರಬಹುದು. ಚಳಿಯೇ ಬಿ.ಪಿ. ಏರಿಸುತ್ತದೆ, ರಕ್ತ ಮಂದಗೊಳಿಸುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಚಳಿಗಾಲದ ಹೆಚ್ಚುವರಿ ಸಾವನ್ನೆಲ್ಲ ಅದರ ತಲೆಗೆ ಕಟ್ಟುವುದು ಅತಿಯಾಯಿತು. ಹೃದಯಾಘಾತದ ಸಾವುಗಳು ಒಟ್ಟೊಟ್ಟಿಗೆ ಸುದ್ದಿಯಾದಾಗ ಹವೆಯನ್ನು ದೂರುವ ಮೊದಲು, ಆ ಊರಲ್ಲಿ ಹಿಂದಿನ ವರ್ಷ ಅದೇ ತಿಂಗಳು ಎಷ್ಟು ಜನ ಸತ್ತಿದ್ದರು ಎಂದು ಕೇಳಬೇಕು. 2025ರಲ್ಲಿ ಹಾಸನದ ಸರಣಿ ಸಾವುಗಳು ರಾಜ್ಯವನ್ನು ಬೆಚ್ಚಿಬೀಳಿಸಿದ್ದು ಮೇ–ಜೂನ್‌ನಲ್ಲಿ, ಚಳಿಗಾಲದಲ್ಲಲ್ಲ. ತನಿಖೆಗೆ ನೇಮಿಸಿದ ತಜ್ಞರ ಸಮಿತಿ ಅಸಹಜ ಏರಿಕೆ ಕಾಣಲಿಲ್ಲ ಎಂದಿತು. ಕಾನ್ಪುರದ 25ಕ್ಕೂ ಈ ಹೋಲಿಕೆ ಬೇಕಿತ್ತು, ತಲೆಬರಹಗಳಲ್ಲಿ ಅದು ಇರಲಿಲ್ಲ.

'ಭೂಮಿ ಬಿಸಿಯಾದರೆ ಒಳ್ಳೆಯದೇ ಅಲ್ಲವೇ?'

ಚಳಿ ಹೆಚ್ಚು ಕೊಲ್ಲುವುದಾದರೆ ತಾಪ ಏರಿಕೆಯಿಂದ ಜೀವ ಉಳಿಯುತ್ತದಲ್ಲ ಎಂಬ ವಾದವನ್ನು ಡೆನ್ಮಾರ್ಕಿನ ಲೇಖಕ ಬ್ಯೋರ್ನ್ ಲೋಂಬೋರ್ಗ್ ಅಂಥವರು ಮುಂದಿಡುತ್ತಾರೆ. ಮೊದಲು ಹೇಳಿದ 'ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್'ನ 2021ರ ಅಧ್ಯಯನದಲ್ಲಿ ಅದಕ್ಕೆ ಎಡೆಯೂ ಇದೆ. 2000–03ರಿಂದ 2016–19ರ ಹೊತ್ತಿಗೆ ಜಗತ್ತಿನ ಸಾವುಗಳಲ್ಲಿ ಚಳಿಯ ಪಾಲು 0.51 ಶೇಕಡಾಂಶ ಇಳಿಯಿತು, ಬಿಸಿಯದು 0.21 ಏರಿತು.

ಇಲ್ಲಿಯವರೆಗಿನ ಲೆಕ್ಕ ಮುಂದಕ್ಕೂ ಹೀಗೇ ಸಾಗುವುದಿಲ್ಲ. ಬಿಸಿಯ ಕಡೆಯ ಗೆರೆ ಕಡಿದಾದದ್ದು. 42 ಡಿಗ್ರಿಯಿಂದ 44ಕ್ಕೆ ಹೋದಾಗ ಅಪಾಯ ಜಿಗಿಯುವಂತೆ ಚಳಿಯ ಕಡೆ ಎರಡು ಡಿಗ್ರಿ ಏರಿದರೆ ಇಳಿಯುವುದಿಲ್ಲ. 2025ರಲ್ಲಿ 'ನೇಚರ್ ಮೆಡಿಸಿನ್' ಪ್ರಕಟಿಸಿದ, ಯುರೋಪಿನ 854 ನಗರಗಳ ಅಂದಾಜಿನಲ್ಲಿ ಚಳಿಯ ಸಾವು ಇಳಿಯುವುದನ್ನು ಕಳೆದ ಮೇಲೂ ಈ ಶತಮಾನದ ಅಂತ್ಯದೊಳಗೆ, ಕೆಟ್ಟ ಸ್ಥಿತಿಯಲ್ಲಿ, 23 ಲಕ್ಷ ಹೆಚ್ಚುವರಿ ಸಾವು ಎಂದಿದೆ. ಯುರೋಪಿನ ಗತಿಯೇ ಹೀಗಾದರೆ ಭಾರತದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೇಲಾಗಿ, ಸಾವಿಗೆ ಕಾರಣ ಋತು ಎಂಬ ಪಂಗಡದ ಮಾತು ಅರ್ಧ ಸರಿಯಿದ್ದರೂ, ಚಳಿಗಾಲ ಎರಡು ಡಿಗ್ರಿ ಬೆಚ್ಚಗಾದ ಮಾತ್ರಕ್ಕೆ ಫ್ಲೂ, ಹೊಗೆ ಎಲ್ಲಿಗೂ ಹೋಗುವುದಿಲ್ಲ.

ಎಚ್ಚರಿಕೆಯ ಗಂಟೆ ಬಾರಿಸದ ದಿನಗಳು

ಹವಾಮಾನ ಇಲಾಖೆ ಬಯಲು ಸೀಮೆಗೆ ಶೀತಗಾಳಿ ಘೋಷಿಸುವುದು ಕನಿಷ್ಠ ತಾಪ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಹೋಗಿ, ವಾಡಿಕೆಗಿಂತ 4.5ರಿಂದ 6.4 ಡಿಗ್ರಿ ಕಡಿಮೆಯಿದ್ದಾಗ. ಇಳಿಕೆ ಅದನ್ನೂ ಮೀರಿದರೆ ತೀವ್ರ ಶೀತಗಾಳಿ. ಕನಿಷ್ಠ ತಾಪ 4 ಡಿಗ್ರಿಗೆ ಮುಟ್ಟಿದರೆ ವಾಡಿಕೆಯ ಹೋಲಿಕೆಯಿಲ್ಲದೆಯೂ ಶೀತಗಾಳಿ. ಕರಾವಳಿಗೆ ಮಿತಿ 15 ಡಿಗ್ರಿ. ಬೆಳೆ, ಜಾನುವಾರು, ಬೀದಿಯಲ್ಲಿ ಮಲಗುವವರ ದೃಷ್ಟಿಯಿಂದ ಇದು ಸರಿಯಾದ ಅಳತೆ. ಆದರೆ ಈ ಅಳತೆಯಲ್ಲಿ ದಕ್ಷಿಣ ಒಳನಾಡಿನಲ್ಲಿ ಇಡೀ ಚಳಿಗಾಲ ಒಂದೂ ಎಚ್ಚರಿಕೆಯಿಲ್ಲದೆ ಕಳೆದುಹೋಗಬಹುದು. ಹೃದ್ರೋಗದ ಹೊರೆ ಇರುವುದು 14–15 ಡಿಗ್ರಿಯ, ಯಾವ ಎಚ್ಚರಿಕೆಯೂ ಇಲ್ಲದ ಬೆಳಗುಗಳಲ್ಲಿ.

ಹಾಗೆಂದು ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹಳದಿ ಎಚ್ಚರಿಕೆ ಕೊಡುತ್ತಾ ಕೂತರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಪರಿಹಾರ ಇರುವುದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಕರ್ನಾಟಕದ 'ಗೃಹ ಆರೋಗ್ಯ' ಯೋಜನೆಯಲ್ಲಿ 30 ದಾಟಿದವರ ಬಿ.ಪಿ., ಸಕ್ಕರೆಯನ್ನು ಮನೆಬಾಗಿಲಲ್ಲೇ ತಪಾಸಣೆ ಮಾಡುವ ಏರ್ಪಾಡಿದೆ. ಈಗಾಗಲೇ ಬಿ.ಪಿ. ಇದೆ ಎಂದು ಗೊತ್ತಾದವರ ಮನೆಗೆ ನವೆಂಬರ್‌ನಲ್ಲಿ ಇನ್ನೊಂದು ಸುತ್ತು ಹೋದರೆ, ಮಾತ್ರೆ ಬಿಟ್ಟವರು ಸಿಗುತ್ತಾರೆ. ಹೊಸ ಯೋಜನೆ ಬೇಕಿಲ್ಲ, ಇರುವುದರ ಕ್ಯಾಲೆಂಡರ್ ಬದಲಾಗಬೇಕು.

ಬಿ.ಪಿ. ಮಾತ್ರೆಯ ಚಳಿಗಾಲದ ಲೆಕ್ಕ

ಅದೇ ಮಾತ್ರೆ, ಅದೇ ಊಟ ಇದ್ದರೂ ಮೇಲಿನ ಬಿ.ಪಿ. ಬೇಸಿಗೆಗಿಂತ ಚಳಿಗಾಲದಲ್ಲಿ ಸಾಮಾನ್ಯವಾಗಿ 5 ಅಂಕದಷ್ಟು ಏರುತ್ತದೆ, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಬೆವರು ಕಡಿಮೆಯಾಗಿ ಉಪ್ಪು ಹೊರಹೋಗುವುದೂ ಕಡಿಮೆಯಾಗುತ್ತದೆ. ಮೇ ತಿಂಗಳಲ್ಲಿ 132 ಇದ್ದವರು ಜನವರಿಯಲ್ಲಿ 140 ದಾಟಿದರೆ ಅಚ್ಚರಿಯಿಲ್ಲ.

ಮನೆಯಲ್ಲಿ ಅಳೆಯುವಾಗ ಐದು ನಿಮಿಷ ಸುಮ್ಮನೆ ಕೂತಿರಬೇಕು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಬೇಡ, ಮೂತ್ರ ಕಟ್ಟಿಕೊಂಡಿರಬಾರದು. ಚಳಿಗಾಲದಲ್ಲಿ ಆಗುವ ದೊಡ್ಡ ತಪ್ಪು, ಹೊರಗಿನಿಂದ ಬಂದ ಕೂಡಲೇ ತಣ್ಣಗಿನ ತೋಳಿಗೆ ಪಟ್ಟಿ ಸುತ್ತುವುದು, ಅಥವಾ ಸ್ವೆಟರ್ ತೋಳಿನ ಮೇಲೆಯೇ ಸುತ್ತುವುದು. ಎರಡರಿಂದಲೂ ಅಂಕಿ ಕೆಡುತ್ತದೆ. ಬೆಳಗ್ಗೆ ಮಾತ್ರೆಗೆ ಮೊದಲು ಎರಡು ಸಲ, ಒಂದು ನಿಮಿಷದ ಅಂತರದಲ್ಲಿ, ಸಂಜೆ ಹಾಗೆಯೇ ಎರಡು ಸಲ. ಹೀಗೆ ಏಳು ದಿನ ಬರೆದಿಟ್ಟು ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆಯಿರಿ. ಅದು 135/85 ದಾಟಿದರೆ ಆ ಚೀಟಿಯೊಂದಿಗೆ ವೈದ್ಯರಲ್ಲಿಗೆ ಹೋಗಿ. ಮಾತ್ರೆ ನೀವೇ ಹೆಚ್ಚಿಸಬೇಡಿ. ಚಳಿಗಾಲಕ್ಕೆಂದು ಹೆಚ್ಚಿಸಿದ ಪ್ರಮಾಣವನ್ನು ಬೇಸಿಗೆಗೆ ಇಳಿಸಲು ಮರೆತು ತಲೆಸುತ್ತಿ ಬೀಳುವವರೂ ಇದ್ದಾರೆ. 'ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ' ಎನ್ನುತ್ತಾರಲ್ಲ, ಅಷ್ಟು ಹೊತ್ತಿಗೆ ಮತ್ತೊಮ್ಮೆ ಏಳು ದಿನ ಅಳೆಯುವುದು ಒಳ್ಳೆಯದು.

ನಸುಕಿನ ಸ್ನಾನ, ವಾಕಿಂಗ್, ಅಗ್ಗಿಷ್ಟಿಕೆ

ಹೃದಯಾಘಾತ ಬೆಳಗ್ಗೆ ಆರರಿಂದ ಮಧ್ಯಾಹ್ನದೊಳಗೆ ಹೆಚ್ಚು. ಎದ್ದ ಮೇಲೆ ಬಿ.ಪಿ. ತಾನಾಗಿ ಏರುವ ಹೊತ್ತದು, ಚಳಿಯೂ ಆಗಲೇ ಹೆಚ್ಚು. ಧನುರ್ಮಾಸದ ಪೂಜೆ, ಅಯ್ಯಪ್ಪ ಮಾಲೆಯ ವ್ರತ, ಸಂಕ್ರಾಂತಿಯ ನದಿ ಸ್ನಾನ ಎಲ್ಲವೂ ಇದೇ ತಿಂಗಳುಗಳಲ್ಲಿ, ಇದೇ ಹೊತ್ತಿನಲ್ಲಿ. ತಣ್ಣೀರು ತಲೆಗೆ ಬಿದ್ದ ಮೊದಲ ಒಂದೆರಡು ನಿಮಿಷ ಉಸಿರು ಮೇಲಕ್ಕೆಳೆದು, ನಾಡಿ, ಬಿ.ಪಿ. ಎರಡೂ ಒಟ್ಟಿಗೆ ಏರುತ್ತವೆ. ಸ್ಟೆಂಟ್ ಹಾಕಿಸಿಕೊಂಡವರಿಗೆ, ಹೃದಯ ದುರ್ಬಲವಿರುವವರಿಗೆ ಇದು ಬೇಡ. ತಣ್ಣೀರೇ ಆಗಬೇಕೆಂಬ ನಿಯಮವಿದ್ದರೆ ಪಾದದಿಂದ ಶುರುಮಾಡಿ ಮೇಲಕ್ಕೆ ಬರಬೇಕು, ತಲೆಗೆ ಕೊನೆಯಲ್ಲಿ. ಇನ್ನೊಂದು ಉಪಾಯ: ರಾತ್ರಿಯಿಡೀ ಮೇಲಿನ ಟ್ಯಾಂಕಿನಲ್ಲಿ ನಿಂತ ನೀರಿಗಿಂತ ಆಗತಾನೆ ಬೋರ್‌ವೆಲ್‌ನಿಂದ ಎತ್ತಿದ ನೀರು ಬೆಚ್ಚಗಿರುತ್ತದೆ, ಏಕೆಂದರೆ ನೆಲದಾಳದ ತಾಪ ಚಳಿಗಾಲದಲ್ಲೂ ಹೆಚ್ಚು ಇಳಿಯುವುದಿಲ್ಲ.

ಸುಡುವ ಹಂಡೆ ನೀರೂ ನಿರಪಾಯವಲ್ಲ. ತಣ್ಣಗಿನ ಬಚ್ಚಲಲ್ಲಿ ಬಟ್ಟೆ ಬಿಚ್ಚಿದಾಗ ಏರಿದ ಬಿ.ಪಿ., ಬಿಸಿನೀರು ಬಿದ್ದಾಗ ನಾಳಗಳು ಹಿಗ್ಗಿ ಸರ್ರನೆ ಇಳಿಯುತ್ತದೆ. ಸ್ನಾನದ ತೊಟ್ಟಿಯಲ್ಲಿ ಸಾಯುವ ವೃದ್ಧರ ಸಮಸ್ಯೆ ದೊಡ್ಡದಾಗಿರುವ ಜಪಾನಿನಲ್ಲಿ ಸರ್ಕಾರವೇ ಕೊಟ್ಟ ಸಲಹೆ, ನೀರು 41 ಡಿಗ್ರಿ ಮೀರದಿರಲಿ, ಹತ್ತು ನಿಮಿಷ ದಾಟದಿರಲಿ ಎಂದು.

ವಾಕಿಂಗ್ ಬಿಡಬೇಕಿಲ್ಲ, ಬಿಸಿಲು ಬಿದ್ದ ಮೇಲೆ ಹೋಗಿ. ಮಂಕಿ ಕ್ಯಾಪ್ ನೋಡಿ ನಗುವವರು ನಗಲಿ. ಹಣೆ, ಮುಖಕ್ಕೆ ತಂಪು ತಗುಲಿದರೆ ಬಿ.ಪಿ. ಏರುತ್ತದೆ, ಅದನ್ನು ತಡೆಯಲು ಅದಕ್ಕಿಂತ ಅಗ್ಗದ ಸಾಧನವಿಲ್ಲ. ಬೆಳಗಿನ ಜಾವ ಹಾಲು, ಪೇಪರ್ ಹಾಕುವವರು ನೆನಪಿಡಬೇಕಾದ್ದು, 10 ಡಿಗ್ರಿಯಲ್ಲಿ ಗಂಟೆಗೆ 40 ಕಿ.ಮೀ. ವೇಗದ ಬೈಕಿನ ಮೇಲೆ ಮೈಗೆ ತಟ್ಟುವುದು 6 ಡಿಗ್ರಿಯಷ್ಟು ಚಳಿ. 'ಚಳಿಗೆ ಒಂದು ಪೆಗ್' ಚರ್ಮದ ನಾಳ ಹಿಗ್ಗಿಸಿ ಬೆಚ್ಚಗಾದ ಭ್ರಮೆ ಕೊಡುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಹೋಗುತ್ತಿರುತ್ತದೆ.

ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗುವುದು ಚಳಿಗಿಂತ ಅಪಾಯ. ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ, ನಿದ್ದೆಯಲ್ಲಿ ತಿಳಿಯುವುದೇ ಇಲ್ಲ.

ಫ್ಲೂ ಲಸಿಕೆಯ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ. ಹೃದಯಾಘಾತವಾದವರಿಗೆ ಬೇಗನೆ ಈ ಲಸಿಕೆ ಕೊಟ್ಟು ನೋಡಿದ 2021ರ ಪ್ರಯೋಗದಲ್ಲಿ ಒಂದು ವರ್ಷದೊಳಗೆ ಸಾವು ಅಥವಾ ಮತ್ತೊಂದು ಹೃದಯದ ಅವಘಡ ಕಂಡವರು ಶೇ 5.3, ಲಸಿಕೆಯಿಲ್ಲದ ಗುಂಪಿನಲ್ಲಿ ಶೇ 7.2. ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕಾದ ಚುಚ್ಚುಮದ್ದು ಅದು. ಹೃದ್ರೋಗಿಗಳು ತಮ್ಮ ವೈದ್ಯರನ್ನು ಕೇಳಿ ಪಡೆಯಬೇಕು.

ಚಳಿಯಲ್ಲಿ ಬೆವರು

ಚಳಿಗಾಲದಲ್ಲಿ ಎದೆ ಹಿಡಿದಂತಾದರೆ ಅವರೆಕಾಯಿ ಹುಳಿ ಜಾಸ್ತಿಯಾಯಿತು, ಗ್ಯಾಸ್, ಥಂಡಿ ಎಂದು ಸೋಡಾ ಕುಡಿದು ಕಾಯುವುದು ಸಾಮಾನ್ಯ. ಎದೆಯ ಮೇಲೆ ಭಾರ ಇಟ್ಟಂತೆ, ಎಡತೋಳು, ದವಡೆ, ಬೆನ್ನಿಗೆ ಹರಿಯುವ ನೋವು, ಸಕ್ಕರೆ ಕಾಯಿಲೆಯವರಲ್ಲಿ ಬರೀ ಉಸಿರುಕಟ್ಟುವಿಕೆ ಅಥವಾ ಸುಸ್ತು, ಇವು ಲಕ್ಷಣಗಳು. ಎಲ್ಲರೂ ಹೊದ್ದು ಕೂತಿರುವ ಹೊತ್ತಿನಲ್ಲಿ ಒಬ್ಬರ ಹಣೆಯಲ್ಲಿ ತಣ್ಣನೆಯ ಬೆವರು ಕಂಡರೆ ಅದಕ್ಕಿಂತ ದೊಡ್ಡ ಸುಳಿವು ಬೇಕಿಲ್ಲ.

108ಕ್ಕೆ ಕರೆ ಮಾಡಿ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದವರಿಗೆ ಒಂದು 300 ಅಥವಾ 325 ಮಿಲಿಗ್ರಾಂ ಆಸ್ಪಿರಿನ್ ಜಗಿಯಲು ಕೊಡಬಹುದು. ಬಾಯಿ ಸೊಟ್ಟಗಾಗಿದ್ದರೆ, ಕೈ ಬಿದ್ದಿದ್ದರೆ, ಮಾತು ತೊದಲುತ್ತಿದ್ದರೆ ಕೊಡಬಾರದು. ಪಾರ್ಶ್ವವಾಯುವಿನಲ್ಲಿ ನಾಳ ಕಟ್ಟಿದೆಯೋ ಒಡೆದಿದೆಯೋ ಎಂಬುದು ಸ್ಕ್ಯಾನ್ ಮಾಡದೆ ತಿಳಿಯುವುದಿಲ್ಲ, ಒಡೆದಿದ್ದರೆ ಆಸ್ಪಿರಿನ್ ಹಾನಿ ಮಾಡುತ್ತದೆ. ಅಂಥವರನ್ನು ನಾಲ್ಕೂವರೆ ಗಂಟೆಯೊಳಗೆ ಸ್ಕ್ಯಾನ್ ಇರುವ ಆಸ್ಪತ್ರೆಗೆ ಸೇರಿಸಬೇಕು.

ಹೃದಯಾಘಾತಕ್ಕೆ ದೂರದ ದೊಡ್ಡ ಆಸ್ಪತ್ರೆಯನ್ನೇ ಹುಡುಕಿಕೊಂಡು ಹೋಗಬೇಕಿಲ್ಲ. ರಾಜ್ಯದ 'ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ಜಯದೇವದಂಥ ಹೃದ್ರೋಗ ಕೇಂದ್ರದ ತಜ್ಞರಿಗೆ ಕಳಿಸುತ್ತಾರೆ. ಅವರು ಖಚಿತಪಡಿಸಿದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ, ಹೊರಗೆ ಅದರ ಬೆಲೆ ಹತ್ತಾರು ಸಾವಿರ ರೂಪಾಯಿ. ನೋವು ಶುರುವಾಗಿ 12 ಗಂಟೆಯವರೆಗೆ ಕೊಡಬಹುದಾದರೂ ಮೊದಲ ಎರಡು ಮೂರು ಗಂಟೆಯಲ್ಲೇ ಅದರ ಲಾಭ ಹೆಚ್ಚು. ನಸುಕಿನ ನಾಲ್ಕಕ್ಕೆ ನೋವು ಬಂದವರು ಚಳಿ ಇಳಿಯಲಿ, ಬೆಳಕು ಹರಿಯಲಿ ಎಂದು ಎಂಟರವರೆಗೆ ಕಾದರೆ ಆ ಗಂಟೆಗಳು ಮನೆಯಲ್ಲೇ ಮುಗಿದಿರುತ್ತವೆ.